ಡಾಲರ್ ಗುಣಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ತಿಂಗಳಿಗೆ ಇಷ್ಟು ಲಕ್ಷ ಸಿಗುತ್ತದೆ, ಇಲ್ಲೇನಿದೆ ಎಂಬ ಮಾತು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲೂ ಕೇಳಿಬರುತ್ತಿದೆ. ಸಂಬಳವನ್ನು ರೂಪಾಯಿಗೆ ಗುಣಿಸುವವರು ಅಲ್ಲಿನ ಮನೆ ಬಾಡಿಗೆ, ಆರೋಗ್ಯ ವಿಮೆಯ ಕಂತುಗಳನ್ನೂ ಗುಣಿಸಬೇಡವೇ?

ನೆರೆಯ ಶ್ರೀಲಂಕಾವನ್ನು ನೋಡಿ. ಅಲ್ಲಿನ ತಲಾ ಆದಾಯ ಅಮೆರಿಕದ ಹತ್ತನೇ ಒಂದು ಭಾಗಕ್ಕೂ ಕಡಿಮೆ. 2022ರಲ್ಲಿ ಆ ದೇಶಕ್ಕೆ ವಿದೇಶಿ ಸಾಲ ತೀರಿಸಲೂ ಆಗಲಿಲ್ಲ. ಆದರೂ ಅಲ್ಲಿನ ಜನರ ಸರಾಸರಿ ಆಯುಷ್ಯ ಅಮೆರಿಕದವರಿಗಿಂತ ಹೆಚ್ಚೇನೂ ಹಿಂದಿಲ್ಲ. ದಶಕಗಳಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ, ಶಾಲೆಗಳಲ್ಲಿ ಉಚಿತ ಶಿಕ್ಷಣ ಕೊಟ್ಟಿದ್ದರ ಫಲವಿದು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಲೇರಿಯಾ ಮುಕ್ತ ದೇಶವೆಂದು ಘೋಷಿಸಿತು. ಬಡತನವಿದ್ದೂ ಇಷ್ಟು ಸಾಧ್ಯವಾಯಿತೆಂಬುದು ನನಗೆ ದೊಡ್ಡ ಭರವಸೆ.

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವೂ 1990ರಿಂದ ಆದಾಯದ ಜತೆಗೆ ಆಯುಷ್ಯ, ಶಿಕ್ಷಣಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ನಮ್ಮಲ್ಲಿ ಸಾವಿರ ಅಡಿ ಕೊರೆದರೂ ಎಷ್ಟೋ ಕಡೆ ಸಿಗುವುದು ಫ್ಲೋರೈಡ್ ನೀರು. ಮಕ್ಕಳ ಹಲ್ಲು, ಹಿರಿಯರ ಮೂಳೆ ಅದಕ್ಕೆ ಬಲಿಯಾಗುತ್ತಿವೆ. ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳನ್ನು ತಕ್ಷಣ ದುರಸ್ತಿ ಮಾಡಬೇಕು, ತಾಲ್ಲೂಕು ಆಸ್ಪತ್ರೆಗಳ ಖಾಲಿ ಹುದ್ದೆಗಳಿಗೆ ವೈದ್ಯರನ್ನು ನೇಮಿಸಬೇಕು. ಮತ ಕೇಳಲು ಬರುವವರ ಮುಂದೆ ನಾವು ಮೊದಲು ಇಡಬೇಕಾದ ಬೇಡಿಕೆಗಳು ಇವೇ.

– ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ