ಕಸೂತಿಗೊಂದು ಚೌಕದ ನೋಟ್‌ಬುಕ್ ಬೇಕು

ಸಂಪಾದಕರಿಗೆ ನಮಸ್ಕಾರ.

ನಾನು 20 ವರ್ಷದಿಂದ ಕಸೂತಿ ಹಾಕುತ್ತಿದ್ದೇನೆ, ಮನೆಯಲ್ಲೇ ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ. ಕಸೂತಿಗೆ ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವ ರೂಢಿ ಇಲ್ಲ. ಎಳೆ ಎಣಿಸಿಯೇ ಹಾಕಬೇಕು. ಹಾಗಾಗಿ ಹೊಸದೊಂದು ತೇರೋ ಗೋಪುರವೋ ಹೊಳೆದರೆ ಮೊದಲು ಚೌಕದ ಹಾಳೆಯಲ್ಲಿ ಬರೆದು ಲೆಕ್ಕ ಕೂಡಿಸಿಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ ಕೆಲಸದ ಮೇಲೆ ಜಪಾನಿನ ಒಸಾಕಾಗೆ ಹೋದ ತಮ್ಮ ಒಂದು ಚೀಲದ ತುಂಬ ಪೆನ್ನು, ಪೆನ್ಸಿಲ್ಲು, ಪುಸ್ತಕ ತಂದುಕೊಟ್ಟ. ಅದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಕುರು ಟೋಗಾ ಎಂಬ ಪೆನ್ ಪೆನ್ಸಿಲ್. 2008ರಲ್ಲಿ ಬಂದದ್ದು. ಮೊನೆ ಕಾಗದಕ್ಕೆ ಒತ್ತಿ ಎತ್ತಿದಾಗಲೆಲ್ಲ ಒಳಗಿನ ಹಲ್ಲಿನ ಚಕ್ರ ಕಡ್ಡಿಯನ್ನು ತುಸು ತಿರುಗಿಸುತ್ತದೆ. ಸುಮಾರು 40 ಗೆರೆಗೆ ಒಂದು ಸುತ್ತು. ಕಡ್ಡಿ ಒಂದೇ ಮಗ್ಗುಲಲ್ಲಿ ಸವೆಯದ ಕಾರಣ ಗೆರೆ ದಪ್ಪವಾಗುವುದಿಲ್ಲ. ಕಸೂತಿ ನಕ್ಷೆ ಅಂದರೆ ಒಂದು ಪುಟ್ಟ ಗೆರೆ, ಕೈ ಎತ್ತು, ಮತ್ತೊಂದು ಗೆರೆ, ಅಷ್ಟೇ ಅಲ್ವಾ? ನಮಗೆಂದೇ ಮಾಡಿದ ಹಾಗಿದೆ.

ಇನ್ನೊಂದು ಜೀಬ್ರಾ ಕಂಪನಿಯ ಮೈಲ್ಡ್‌ಲೈನರ್. ಕಣ್ಣಿಗೆ ಹೊಡೆಯದ ತಿಳಿ ಬಣ್ಣದ ಹೈಲೈಟರ್. ಕಸೂತಿಯ ಹೊಲಿಗೆಗಳಲ್ಲಿ ಒಂದಾದ ಗಾವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಒಂದೇ ತರ ಕಾಣಬೇಕು. ಹೋಗುವ ದಾರಿಗೆ ನೀಲಿ, ಬರುವ ದಾರಿಗೆ ಗುಲಾಬಿ ಎಳೆದು ಕೊಟ್ಟರೆ ಹೊಸಬರಿಗೂ ಅರ್ಥವಾಗುತ್ತದೆ. ಮೊದಲೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಗುತ್ತಿತ್ತು.

ನಕ್ಷೆಯ ಪಕ್ಕದಲ್ಲಿ ದಾರದ ತುಂಡು ಅಂಟಿಸಿಡಲು ಎಂಟಿ ಹೆಸರಿನ ವಾಶಿ ಟೇಪ್ ಇದೆ, ಅಂದರೆ ಕಾಗದದ ಬಣ್ಣದ ಅಂಟುಪಟ್ಟಿ. ಬಣ್ಣ ಬದಲಾಯಿಸಬೇಕೆಂದರೆ ಮೆಲ್ಲಗೆ ಕಿತ್ತರಾಯಿತು, ಕಾಗದ ಹರಿಯುವುದಿಲ್ಲ. ಇದನ್ನು ಮಾಡುವ ಕುರಾಶಿಕಿ ಊರಿನ ಕಾಮೊಯಿ ಕಂಪನಿ 1923ರಲ್ಲಿ ಶುರುವಾದದ್ದು ನೊಣ ಹಿಡಿಯುವ ಅಂಟುಕಾಗದ ಮಾಡಲು. ಆಮೇಲೆ ಪೇಂಟ್ ಕೆಲಸದವರ ಮಾಸ್ಕಿಂಗ್ ಟೇಪ್ ಮಾಡಿತು. ಆ ಟೇಪನ್ನು ಕೈಕೆಲಸಕ್ಕೆ ಬಳಸುತ್ತಿದ್ದ ಮೂವರು ಹೆಣ್ಣುಮಕ್ಕಳು 2006ರಲ್ಲಿ ಕಾರ್ಖಾನೆ ನೋಡಬೇಕು ಅಂತ ಕೇಳಿಕೊಂಡರು. ಕಂಪನಿ ಅವರನ್ನು ಕರೆಸಿತು, ಮಾತು ಕೇಳಿತು, ಬಣ್ಣ ಬಣ್ಣದ ಟೇಪ್ ತಯಾರಿಸಿತು.

ಇದು ತಿಳಿದ ಮೇಲೆ ನಾನೂ ಕೇಳಿ ನೋಡೋಣ ಅನ್ನಿಸಿತು. ನಮ್ಮಲ್ಲಿ ಸಿಗುವ ಗ್ರಾಫ್ ಪುಸ್ತಕದಲ್ಲಿ 1 ಮಿಲಿಮೀಟರಿನ ಒತ್ತೊತ್ತು ಗೆರೆ. ನಮ್ಮ ನಕ್ಷೆ ಅದರಲ್ಲಿ ಮುಳುಗಿಯೇ ಹೋಗುತ್ತದೆ. ಪುಸ್ತಕ ಬಿಚ್ಚಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಎರಡೂ ಕೈ ಸೂಜಿಯಲ್ಲಿರುವಾಗ ಅದನ್ನು ಹಿಡಿಯುವವರು ಯಾರು? ತಮ್ಮ ತಂದದ್ದು ಕೊಕುಯೊ ಕಂಪನಿಯ ಕ್ಯಾಂಪಸ್ ನೋಟ್‌ಬುಕ್, ಜಪಾನಿನಲ್ಲಿ 1975ರಿಂದ ಇರುವ ಹೆಸರು. ತಿಳಿ ಗೆರೆ, 5 ಮಿಲಿಮೀಟರ್ ಚೌಕ, ಬಿಚ್ಚಿದರೆ ಚಪ್ಪಟೆಯಾಗಿ ಕೂರುತ್ತದೆ. ತಂದ ಐದೂ ಮುಗಿದವು.

ನಾವೆಲ್ಲ ಕ್ಯಾಮ್ಲಿನ್ ಕಂಪಾಸ್ ಪೆಟ್ಟಿಗೆ ಹಿಡಿದು ಬೆಳೆದವರು. ಆ ಕಂಪನಿಯಲ್ಲಿ 2011ರಿಂದ ಕೊಕುಯೊದ್ದೇ ದೊಡ್ಡ ಪಾಲು. ಅವರಾಗಲಿ, ನಮ್ಮೂರ ಪ್ರೆಸ್ಸಿನವರಾಗಲಿ ಇಂಥ ಪುಸ್ತಕವನ್ನು ಧಾರವಾಡದ ಅಂಗಡಿಗಳಲ್ಲಿ ಸಿಗುವಂತೆ ಮಾಡಲಿ. ರಂಗೋಲಿ ಹಾಕುವವರಿಗೆ, ನೇಕಾರರಿಗೆ, ಕ್ರೋಶ ಹೆಣೆಯುವವರಿಗೂ ಬೇಕಾಗುತ್ತದೆ. ನನ್ನ ತರಗತಿಗೇ ವರ್ಷಕ್ಕೆ 50 ಬೇಕು. ಮಾದರಿ ನೋಡಬೇಕೆಂದರೆ ತುಂಬಿದ ನನ್ನ ಐದು ಪುಸ್ತಕಗಳನ್ನೂ ತೋರಿಸುತ್ತೇನೆ.

— ಒಬ್ಬ ಕಸೂತಿ ಶಿಕ್ಷಕಿ, ಧಾರವಾಡ