ಮಾಟುಂಗದ ಮಾವನಿಗೆ, ಮತ್ತೆ ಉಳಿದವರಿಗೆ

ಹೋದ ಗುರುವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಅವತ್ತಿನಿಂದ ಫೋನು, ಮೆಸೇಜು ನಿಂತಿಲ್ಲ. ಊರಲ್ಲಿ ಅಮ್ಮ ಹಣ್ಣುಕಾಯಿ ಮಾಡಿಸಿ ಕೇರಿಗೆಲ್ಲ ಪ್ರಸಾದ ಹಂಚಿದ್ದಾಳಂತೆ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತೆ. ಹತ್ತನೆಯವರಿಗೆ ಬರೆಯುವಷ್ಟರಲ್ಲಿ ಎಲ್ಲರಿಗೂ ಅದದೇ ಎರಡು ಸಾಲು ಕಳಿಸುತ್ತಿದ್ದೇನೆ ಅನ್ನುವುದು ಗಮನಕ್ಕೆ ಬಂತು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡನೇ ವರ್ಷ ನಾನು ಕುಸಿದುಹೋದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಮುಂಬೈನ ಅಷ್ಟು ದೊಡ್ಡ ಹೆಸರಿನ ಸಂಸ್ಥೆಯೊಳಗೆ ಒಂದು ಹುಡುಗಿ ಅಲ್ಲಿಯವರೆಗೆ ಹೋಗಿ ನಿಲ್ಲುವುದು ಹೇಗೆ ಎಂದು ಊರಿನ ಸುಮಾರು ಜನ ಕೇಳಿದ್ದಾರೆ. ಇಷ್ಟು ವರ್ಷ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ.

ಅಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಲ್ಯಾಬಿಗೆ ಸೇರಿದ ದಿನ ಚಹಾಕ್ಕೆ ಕರೆದುಕೊಂಡು ಹೋದರು, ನನ್ನ ದುಡ್ಡನ್ನೂ ಅವರೇ ಕೊಟ್ಟರು. ಆದರೆ ಆ ಅರ್ಧ ಗಂಟೆಯಲ್ಲಿ ಪ್ರತಿಯೊಬ್ಬರಿಗೂ ಪಕ್ಕದವರ ಜೆಇಇ ರ‍್ಯಾಂಕ್ ಬಾಯಿಪಾಠ ಇದ್ದದ್ದನ್ನು ಕಂಡೆ. ಆ ಪರೀಕ್ಷೆ ಬರೆದು ಆರು ವರ್ಷ ಕಳೆದವರೂ ಅದನ್ನು ಮರೆತಿರಲಿಲ್ಲ. 'ಎಲ್ಲಿಂದ?' ಎಂದು ಕೇಳಿದರು. ನಾನು ಕುಂದಾಪುರ ಅಂದೆ. ಅವರು ಕೇಳಿದ್ದು ಕಾಲೇಜಿನ ಹೆಸರು. ಅದನ್ನೂ ಹೇಳಿದೆ. ಯಾರೂ ನಗಲಿಲ್ಲ, ಮಾತು ಬೇರೆ ಕಡೆ ತಿರುಗಿತು.

ನನ್ನನ್ನು ನಿಧಾನವಾಗಿ ತಿಂದದ್ದು ಇದಲ್ಲ. ಅಲ್ಲಿ ಯಾರೂ 'ನನಗೆ ಗೊತ್ತಿಲ್ಲ' ಅನ್ನುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಎಲ್ಲರೂ 'ಏನೂ ಓದಿಲ್ಲ' ಅನ್ನುವವರೇ. ರಾತ್ರಿ ಮೂರಕ್ಕೆ ಎದ್ದು ನೋಡಿದರೆ ಸಾಲು ಕೋಣೆಗಳಲ್ಲಿ ದೀಪ ಉರಿಯುತ್ತಿರುತ್ತಿತ್ತು. ಕಷ್ಟಪಟ್ಟು ಓದುವವರಿಗೆ ಒಂದು ಅಡ್ಡಹೆಸರೂ ಇತ್ತು, ಅದು ಹೊಗಳಿಕೆಯದಲ್ಲ. ಬೆವರದೆ ಗೆದ್ದರೆ ಮಾತ್ರ ಗೆಲುವು. ಚಿಕ್ಕವರಿದ್ದಾಗಿನಿಂದ ಮನೆಯಲ್ಲಿ ಪುಸ್ತಕ, ಇಂಗ್ಲಿಷು, ಇಂಜಿನಿಯರ್ ಚಿಕ್ಕಪ್ಪಂದಿರು ಇದ್ದವರಿಗೆ ಬೆವರು ಅಡಗಿಸುವುದು ಸುಲಭ. ನನಗೆ ಸೆಮಿನಾರಿನಲ್ಲಿ ಒಂದು ಪ್ರಶ್ನೆ ಕೇಳಬೇಕಾದರೆ ಮೊದಲು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ವ್ಯಾಕರಣ ತಿದ್ದಿ, ಕೈ ಎತ್ತುವ ಹೊತ್ತಿಗೆ ಚಹಾ ವಿರಾಮ ಬಂದಿರುತ್ತಿತ್ತು. ಎರಡು ವರ್ಷ ನಾನು ತಲೆ ಆಡಿಸಿದೆ. ಅರ್ಥವಾಗದ್ದಕ್ಕೆಲ್ಲ ತಲೆ ಆಡಿಸಿದೆ. ಕಡೆಗೆ ಪಿಎಚ್‌ಡಿ ಮುಂದುವರಿಸಲು ಪಾಸಾಗಬೇಕಾದ ಅರ್ಹತಾ ಪರೀಕ್ಷೆಯಲ್ಲಿ, ನನ್ನದೇ ವಿಷಯದಲ್ಲಿ, ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಹದಿನೈದು ನಿಮಿಷ ಸುಮ್ಮನೆ ನಿಂತೆ.

ಆ ರಾತ್ರಿ ನಾನು ಫೋನ್ ಮಾಡಿದ್ದು ಮಾವನಿಗೆ. ಅಮ್ಮನ ದೊಡ್ಡಮ್ಮನ ಮಗ. ಮುಂಬೈನ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ಅಂದದ್ದು ನೆನಪಿದೆ: 'ಗೇಟಿನ್ ಹತ್ರ ಬಂದ್ ಕೂಕೊ ಮಗಾ. ನಾ ಬತ್ತೆ.'

ಜುಲೈ ತಿಂಗಳು. ಮಳೆಗೆ ಲೋಕಲ್ ರೈಲು ನಿಂತಿತ್ತು. ಟ್ಯಾಕ್ಸಿಯವನು ನೀರು ಕಂಡು ಅರ್ಧದಲ್ಲೇ ಇಳಿಸಿದ. ಉಳಿದದ್ದನ್ನು ನಡೆದು, ಪಂಚೆ ಮೊಣಕಾಲಿನ ತನಕ ಒದ್ದೆಯಾಗಿ, ಒಂದೂಕಾಲಿಗೆ ಬಂದರು. ಹೆಣ್ಣುಮಕ್ಕಳ ಹಾಸ್ಟೆಲು, ಒಳಗೆ ಬಿಡುವ ಹಾಗಿಲ್ಲ. ಕಾವಲಿಗಿದ್ದ ಸಾತಾರಾ ಕಡೆಯ ತಾಯಿ ತನ್ನ ಕುರ್ಚಿಯನ್ನೇ ಮಾವನಿಗೆ ಕೊಟ್ಟು, ನನಗೆ ಸ್ಟೂಲು ಹಾಕಿದರು. ಅವರ ಹೆಸರನ್ನು ನಾನು ಕೇಳಿಕೊಂಡಿರಲಿಲ್ಲ. ಮುಂದಿನ ತಿಂಗಳು ಅವರು ಬೇರೆ ಕಡೆ ವರ್ಗವಾಗಿದ್ದರು.

ಮಾವ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾನು ಅಳುವುದನ್ನೆಲ್ಲ ಅತ್ತು ಮುಗಿಸುವ ತನಕ ಕೂತು, ಆಮೇಲೆ, 'ಅವ್ರ್ ಕೇಂಡದ್ದ್ ಎಂತ? ನಂಗ್ ಹೇಳ್ ಕಾಂಬ' ಅಂದರು.

ಪರೀಕ್ಷಕರು ಕೇಳಿದ್ದು ಕುದಿಯುವುದರ ಬಗ್ಗೆ. ಬಿಸಿ ಲೋಹದ ಮೇಲೆ ನೀರು ಕುದಿಯುವಾಗ, ಲೋಹ ಬಿಸಿಯಾದಷ್ಟೂ ನೀರಿಗೆ ದಾಟುವ ಶಾಖ ಹೆಚ್ಚುತ್ತದೆ. ಆದರೆ ಒಂದು ಹಂತ ದಾಟಿದ ಮೇಲೆ, ಲೋಹ ಇನ್ನೂ ಬಿಸಿಯಾದರೂ ದಾಟುವ ಶಾಖ ಕಡಿಮೆಯಾಗುತ್ತದೆ. ಜಪಾನಿನ ಶಿರೊ ನುಕಿಯಾಮಾ 1934ರಲ್ಲಿ ತೋರಿಸಿಕೊಟ್ಟ ಗೆರೆ ಅದು. ಯಾಕೆ ಇಳಿಯುತ್ತದೆ ಎಂದು ಕೇಳಿದ್ದರು. ಪುಸ್ತಕದ ಸಾಲುಗಳು ನನಗೆ ಬರುತ್ತಿದ್ದವು. ಮಾವನಿಗೆ ಕನ್ನಡದಲ್ಲಿ ಹೇಳಲು ಹೋಗಿ ನಾಲ್ಕನೇ ವಾಕ್ಯಕ್ಕೆ ನಿಂತೆ. ಆ ಸಂಸ್ಥೆಯ ಆವರಣದೊಳಗೆ ಮೊದಲ ಸಲ ಬಾಯಿಬಿಟ್ಟು ಅಂದೆ: 'ನಂಗ್ ಗೊತ್ತಿಲ್ಲೆ ಮಾವ.'

ಅವರು ತಮ್ಮ ರಾತ್ರಿ ಶಾಲೆಯ ಮಾತು ತೆಗೆದರು. 1979ರಲ್ಲಿ ಹದಿಮೂರು ವರ್ಷದ ಹುಡುಗ ಬಸ್ಸಿನಲ್ಲಿ ಮುಂಬೈಗೆ ಬಂದದ್ದು. ಕೊಂಕಣ ರೈಲು ಬರಲು ಇನ್ನೂ ಹತ್ತೊಂಬತ್ತು ವರ್ಷ ಇತ್ತು. ಹಗಲು ಮೇಜು ಒರೆಸುವುದು, ಲೋಟ ತೊಳೆಯುವುದು, ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆ. ನಮ್ಮ ಕರಾವಳಿಯ ಎಷ್ಟೋ ಹೋಟೆಲ್ ಹುಡುಗರು ಹಾಗೆ ಓದಿ ಬ್ಯಾಂಕು ಸೇರಿದ್ದಾರೆ, ವಕೀಲರಾಗಿದ್ದಾರೆ. ಮಾವ ಎಸ್‌ಎಸ್‌ಸಿ ಪಾಸಾದದ್ದು ಮೂರನೇ ಸಲಕ್ಕೆ. ಬೀಜಗಣಿತ ಬಿದ್ದಿತ್ತು. ಅಲ್ಲಿ ಮೇಷ್ಟ್ರು ದಿನಾ ಪಾಠ ಶುರು ಮಾಡುವ ಮೊದಲು 'ನಿನ್ನೆಯದು ಯಾರಿಗೆ ತಿಳಿಯಲಿಲ್ಲ?' ಎಂದು ಕೇಳುತ್ತಿದ್ದರಂತೆ. ಇಡೀ ತರಗತಿ ಕೈ ಎತ್ತುತ್ತಿತ್ತಂತೆ. ಎತ್ತಿದ ಕೈಗಳೆಲ್ಲ ಸೋಡಾಪುಡಿ ತಾಗಿ ಬಿಳುಚಿಕೊಂಡ ಕೈಗಳು. ಇದನ್ನು ಮಾವ ದುಃಖದಿಂದ ಹೇಳಲಿಲ್ಲ, ಹೆಮ್ಮೆಯಿಂದ ಹೇಳಿದರು.

ಆಮೇಲೆ ಮಾತು ದೋಸೆ ಕಾವಲಿಗೆ ಬಂತು. ದೋಸೆ ಹೊಯ್ಯುವ ಮೊದಲು ನೀರು ಚಿಮುಕಿಸುತ್ತೇವಲ್ಲ, ಹದವಾಗಿ ಕಾದಿದ್ದರೆ ಚುಂಯ್ ಅಂದು ಹಾರಿಹೋಗುತ್ತದೆ. ಮಿತಿಮೀರಿ ಕಾದಿದ್ದರೆ ಹನಿ ಬೇಗ ಆರುವುದೇ ಇಲ್ಲ, ಮುತ್ತಿನ ಹಾಗೆ ಉರುಳಾಡುತ್ತದೆ. 'ಅಡಿಗ್ ಹಬೆ ಕೂಕಂಡ್ರೆ ಬಿಸಿ ಮೇಲ್ ಹ್ವಾಪ್ದ್ ಹ್ಯಾಂಗೆ?' ಅಂದರು.

ಅಷ್ಟೇ ಉತ್ತರ. ಹನಿಯ ಅಡಿಯಲ್ಲಿ ಅದರದೇ ಆವಿಯ ಪೊರೆ ಹುಟ್ಟಿ ಶಾಖವನ್ನು ತಡೆಯುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ್ದು ಇದನ್ನೇ. ಕಾದ ಕಬ್ಬಿಣದ ಸೌಟಿನಲ್ಲಿ ಹನಿ ಬಿಟ್ಟು ನೋಡಿದ್ದರು ಅವರು. ನಾನು ಅದನ್ನು ಹತ್ತು ಸಲ ಓದಿದ್ದೆ. ಹುಟ್ಟಿದಾಗಿನಿಂದ ದೋಸೆ ಹೊಯ್ಯುವುದನ್ನೂ ನೋಡಿದ್ದೆ. ಎರಡೂ ಒಂದೇ ಎಂದು ಯಾಕೆ ಕಾಣಲಿಲ್ಲ? ಓದಿದ್ದರ ಹತ್ತಿರ ಊರನ್ನು ಸುಳಿಯಲು ಬಿಡಬಾರದು ಎಂದು ಆ ಎರಡು ವರ್ಷ ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡಿದ್ದೆ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಎಷ್ಟು ನಾಚಿಕೊಂಡೆ ನಾನು. ಮಾವ ಮಾಟುಂಗದಿಂದ ತಂದುಕೊಡುತ್ತಿದ್ದ ಚಟ್ನಿಪುಡಿಯನ್ನು ಕಪಾಟಿನ ಹಿಂದೆ ಬಚ್ಚಿಡುತ್ತಿದ್ದೆ.

ನಾಲ್ಕಕ್ಕೆ ಅವರು ಹೋಟೆಲಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಅಂದರು. ಬೆಳಕು ಹರಿಯುವ ತನಕ ಕೂತೇ ಇದ್ದರು. ಹೋಗುವಾಗ ಕಾವಲಿನ ತಾಯಿಗೆ ಕೈಮುಗಿದರು.

ಆಮೇಲಿನದು ನಿಮಗೆ ಗೊತ್ತು. ರಜೆ ಕೊಟ್ಟು ಎರಡನೇ ಅವಕಾಶವನ್ನೂ ಕೊಡಿಸಿದ ನನ್ನ ಗೈಡ್, ವಾರವಾರ ಕೂತು ಕೇಳಿಸಿಕೊಂಡ ಆಪ್ತಸಮಾಲೋಚಕಿ, ರೂಮಿನ ಬೀಗ ತೆಗೆದು ತನ್ನ ಬಳಿ ಇಟ್ಟುಕೊಂಡ ಗೆಳತಿ, ಭಾನುವಾರ ಮುಂಬೈ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಗಳಿಗೆ ಎಳೆದುಕೊಂಡು ಹೋದ ಕನ್ನಡದ ಅಕ್ಕಂದಿರು, ಎಲ್ಲರಿಗೂ ನಾನು ಋಣಿ. ಲ್ಯಾಬಿನ ಗೆಳೆಯರೇ, ನಾನು ಬಾಯಿಬಿಟ್ಟ ಮೇಲೆ ನಿಮ್ಮಲ್ಲಿ ಮೂವರು ಒಬ್ಬೊಬ್ಬರಾಗಿ ಬಂದು ನಿಮ್ಮ ರಾತ್ರಿಗಳನ್ನೂ ಹೇಳಿದಿರಿ. ಅದನ್ನು ಮರೆಯುವುದಿಲ್ಲ.

ಗುರುವಾರ ಮಾವ ಬಂದಿದ್ದರು. ಬಿಳಿ ಅಂಗಿ, ಕೊನೆಯ ಸಾಲು. ಹೊರಗಿನ ಪರೀಕ್ಷಕರು ಕೇಳಿದ ಒಂದು ಪ್ರಶ್ನೆಗೆ ಗೊತ್ತಿಲ್ಲ ಅಂದೆ. ಅವರು ತಲೆದೂಗಿ ಬರೆದುಕೊಂಡರು, ಮುಂದಿನ ಪ್ರಶ್ನೆಗೆ ಹೋದರು.

ಮಳೆಗಾಲ ಮುಗಿದ ಮೇಲೆ ಮಾವ ಊರಿಗೆ ಹೋಗುತ್ತಾರೆ, ಮುಂಬೈ ಸಾಕಂತೆ. ಮೊಣಕಾಲು ನೋವು, ನಿಲ್ಲಲು ಆಗುವುದಿಲ್ಲ. ಮತ್ಸ್ಯಗಂಧ ರೈಲಿನ ಟಿಕೆಟ್ ನಾನೇ ಮಾಡಿಸಿದ್ದೇನೆ. ಪ್ರಬಂಧದ ಒಂದು ಪ್ರತಿ ಬೇಕು ಅಂದರು, ಎಸ್‌ಎಸ್‌ಸಿ ಸರ್ಟಿಫಿಕೇಟ್ ಇಟ್ಟ ಟ್ರಂಕಿನಲ್ಲಿ ಇಡುತ್ತಾರಂತೆ. ಮೊದಲ ಪುಟದಲ್ಲಿ ಏನು ಬರೆದುಕೊಡಲಿ ಎಂದು ಕೇಳಿದೆ.

'ಹೆಸ್ರ್ ಬರಿ, ತಾರೀಕ್ ಹಾಕ್. ಸಾಕ್' ಅಂದರು.