ಫ್ಲೈವೀಲ್ ಎತ್ತಿ ನೋಡಿದ ಹಿರಿಯರಿಗೆ

ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ, ಹಳೆ ಬಿಡಿಭಾಗಗಳ ಸಂತೆಯಲ್ಲಿ, ನನ್ನ ಕನ್ನಡ ಕೇಳಿ ಮಾತಾಡಿಸಿದ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದ. ನಮ್ಮ 1967ರ ಫೋರ್ಡ್ ಮಸ್ಟಾಂಗ್ ಕಾರು ಈಗ ಆಟೋಮ್ಯಾಟಿಕ್ ಅಲ್ಲ. ಕೈಯಿಂದ ಗೇರ್ ಬದಲಿಸುವ, ನಾಲ್ಕು ಗೇರಿನ ಟಾಪ್‌ಲೋಡರ್ ಗೇರ್‌ಬಾಕ್ಸ್ ಕೂರಿಸಿದ್ದೇವೆ!

ಅಂಗಡಿಯವರು ಕೊಟ್ಟ ಫ್ಲೈವೀಲನ್ನು (ಎಂಜಿನ್ ಹಿಂಬದಿಗೆ ಕೂರುವ ಭಾರದ ಚಕ್ರ) ಎತ್ತಿ ನೋಡಿ, ಬೇಡ ಅಂದಿರಿ. ಅದು 50 ಔನ್ಸ್ ಬ್ಯಾಲೆನ್ಸಿನದು (ಎಂಜಿನ್ ಸಮತೋಲಕ್ಕೆ ಚಕ್ರದ ಒಂದು ಬದಿಗೆ ಕೊಡುವ ಹೆಚ್ಚು ಭಾರದ ಅಳತೆ), 1980ರ ದಶಕದ ಎಂಜಿನ್‌ಗಳಿಗೆ. ನಮ್ಮ ಕಾರಿನ 289 ಎಂಜಿನ್‌ಗೆ 28 ಔನ್ಸಿನದೇ ಬೇಕು. ಇಲ್ಲದಿದ್ದರೆ ಎಂಜಿನ್ ಸುಮ್ನೆ ನಡುಗಿ ಬೇರಿಂಗ್ ಹಾಳಾಗುತ್ತಿತ್ತು. ಕ್ರ್ಯಾಂಕ್‌ಶಾಫ್ಟ್ ಹಿಂಬದಿಗೆ ಗೇರ್‌ಬಾಕ್ಸ್ ಶಾಫ್ಟಿನ ತುದಿಗೆ ಆಸರೆಯಾಗುವ ಪೈಲಟ್ ಬುಶ್ ಹಾಕಬೇಕೆಂದೂ ನೆನಪಿಸಿದಿರಿ. ಆಟೋಮ್ಯಾಟಿಕ್‌ಗೆ ಅದರ ಕೆಲಸವೇ ಇಲ್ಲ, ಅಲ್ವಾ? ಕ್ಲಚ್ ಪೆಡಲ್, ಲಿಂಕೇಜ್ ಎಲ್ಲ ಸಲೀಸಾಗಿ ಕೂತವು.

ಹೆಸರು ಹೇಳದೆ ಹೋದಿರಿ. ಇದನ್ನು ಓದಿದರೆ ದಯವಿಟ್ಟು ಮನೆಗೆ ಬನ್ನಿ ಸರ್, ನೀವೂ ಒಂದು ರೌಂಡ್ ಓಡಿಸಬೇಕು.